ಹೂಗ್ಲಿ ದಂಡೆಯ ಮೈಸೂರು

ಆಫೀಸ್ ಕೆಲಸಕ್ಕೆ ಕೋಲ್ಕತಾಗೆ ಹೋಗಬೇಕು ಅಂತಾದಾಗ ನಾನು ಮೊದಲು ಮಾಡಿದ್ದು ನಮ್ಮ ಟೀಮಿನ ಬಂಗಾಳಿ ಹುಡುಗನನ್ನು ಹಿಡಿದು ಕೂರಿಸಿ, ನೋಡಲೇಬೇಕಾದ ಜಾಗಗಳ ಲಿಸ್ಟ್ ಬರೆಸಿಕೊಂಡದ್ದು. ಹತ್ತು ಐಟಂ ಕೊಟ್ಟ. ಹೌರಾ ಬ್ರಿಡ್ಜ್, ವಿಕ್ಟೋರಿಯಾ ಮೆಮೋರಿಯಲ್, ದಕ್ಷಿಣೇಶ್ವರ, ಬೇಲೂರು ಮಠ (ನಮ್ಮ ಹಾಸನದ ಬೇಲೂರಲ್ಲ ಮಾರಾಯ್ರೇ), ಕಾಳಿಘಾಟ್, ಇಂಡಿಯನ್ ಮ್ಯೂಸಿಯಂ, ಪ್ರಿನ್ಸೆಪ್ ಘಾಟ್, ಕಾಲೇಜ್ ಸ್ಟ್ರೀಟ್, ಪಾರ್ಕ್ ಸ್ಟ್ರೀಟ್. ಹತ್ತನೆಯದು ಬಿರಿಯಾನಿ. "ಅದು ಜಾಗ ಅಲ್ವಲ್ಲೋ" ಅಂದೆ. "ಅದೇ ಮುಖ್ಯ" ಅಂದ.

ಶುಕ್ರವಾರ ಮೀಟಿಂಗ್ ಮುಗೀತು. ಶನಿವಾರ, ಭಾನುವಾರ ನನ್ನದು. ಲಿಸ್ಟಿನ ಪ್ರಕಾರವೇ ಶುರು ಮಾಡಿದೆ, ಆದರೆ ಮಧ್ಯಾಹ್ನದ ಹೊತ್ತಿಗೆ ದಾರಿ ತಪ್ಪಿದೆ. ಆಮೇಲಿನ ಒಂದೂವರೆ ದಿನ ನಾನು ನೋಡಿದ್ದು ಬೇರೆಯೇ ಊರು. ಅದರ ಕಥೆ ಶುರುವಾಗೋದು ನಮ್ಮ ಶ್ರೀರಂಗಪಟ್ಟಣದಲ್ಲಿ.

ಮೊದಲು ಲಿಸ್ಟಿನ ಲೆಕ್ಕ ಒಪ್ಪಿಸಿಬಿಡ್ತೀನಿ. ಹೌರಾ ಬ್ರಿಡ್ಜನ್ನು ಬೆಳಗ್ಗೆ ಬೇಗ ನೋಡಬೇಕು, ಕೆಳಗಿನ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್ ಸಮೇತ. ಚೆಂಡುಹೂವಿನ ಹಾರಗಳನ್ನು ಹಗ್ಗದ ಸುರುಳಿ ಥರ ತಲೆ ಮೇಲೆ ಹೊತ್ತು ಓಡುತ್ತಾರೆ, ನೀವು ಪಕ್ಕಕ್ಕೆ ಸರಿಯದಿದ್ದರೆ ತಳ್ಳಿಕೊಂಡೇ ಹೋಗುತ್ತಾರೆ. ಸೇತುವೆ ಓಡಾಟಕ್ಕೆ ತೆರೆದದ್ದು 1943ರ ಫೆಬ್ರವರಿಯಲ್ಲಿ. ಜಪಾನಿನ ಬಾಂಬುಗಳ ಭಯದ ಕಾಲ, ಹಾಗಾಗಿ ಉದ್ಘಾಟನೆಯ ಗದ್ದಲವೇ ಇರಲಿಲ್ಲ. 26,500 ಟನ್ ಉಕ್ಕು, ಅದರಲ್ಲಿ ಬಹುಪಾಲು ಟಾಟಾದವರದ್ದು. ಒಂದು ನಟ್ಟು ಬೋಲ್ಟೂ ಇಲ್ಲ, ಎಲ್ಲ ರಿವೆಟ್ಟು. ನೋಡಿ, ಖುಷಿಯಾಗುತ್ತೆ.

ವಿಕ್ಟೋರಿಯಾ ಮೆಮೋರಿಯಲ್ ಬಗ್ಗೆ ನಂಗೆ ಅಷ್ಟು ಉತ್ಸಾಹ ಇಲ್ಲ. ಕರ್ಜನ್‌ನ ಐಡಿಯಾ, ಮಕ್ರಾನಾ ಅಮೃತಶಿಲೆ, 1906ರಲ್ಲಿ ಅಡಿಗಲ್ಲು, 1921ರಲ್ಲಿ ಉದ್ಘಾಟನೆ. ತಮಾಷೆ ಅಂದರೆ ಮಧ್ಯೆ 1911ರಲ್ಲಿ ರಾಜಧಾನಿಯನ್ನೇ ದೆಹಲಿಗೆ ಎತ್ತಿಕೊಂಡು ಹೋಗಿಬಿಟ್ಟರು. ಮದುವೆ ಮಂಟಪ ಕಟ್ಟಿ ಮುಗಿಯುವಷ್ಟರಲ್ಲಿ ಗಂಡು ಬೇರೆ ಊರಿಗೆ ಹೋದ ಹಾಗೆ. ಒಳಗೆ ಡೇನಿಯಲ್ ಬಂಧುಗಳ ಚಿತ್ರಗಳಿವೆ, ಅವಕ್ಕೋಸ್ಕರ ಹೋಗಿ. ಹುಲ್ಲುಹಾಸಿನ ಮೇಲೆ ಛತ್ರಿ ಅಡ್ಡ ಹಿಡಿದು ಕೂತ ಜೋಡಿಗಳನ್ನು ಮಾತ್ರ ನೋಡಬೇಡಿ, ಪಾಪ.

ಅಲ್ಲಿಂದ ಮೈದಾನದ ಅಂಚಿನಲ್ಲೇ ಉತ್ತರಕ್ಕೆ ಹೋದರೆ ರಾಜ್ಯಪಾಲರ ನಿವಾಸ ಸಿಗುತ್ತೆ. ಗೇಟಿನ ಹೊರಗಿಂದಲೇ ನೋಡಿದೆ. ಇದು ಹಿಂದಿನ ಗವರ್ನಮೆಂಟ್ ಹೌಸ್. ಕಟ್ಟಿಸಿದವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಕೆಲಸ ಶುರುವಾದದ್ದು 1799, ಮುಗಿದದ್ದು 1803. ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲ್ ಅನ್ನೋ ಶ್ರೀಮಂತರ ಮನೆಯ ಮಾದರಿ. ಇಷ್ಟು ಖರ್ಚು ಯಾಕೆ ಮಾಡಿದೆ ಅಂತ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಅವನ ಮೇಲೆ ಸಿಟ್ಟಾದರು.

1799 ಅಂತ ಓದಿದ ತಕ್ಷಣ ಮೈಸೂರು ಕಡೆಯವರಿಗೆ ಕಿವಿ ನಿಮಿರಬೇಕು. ಮೇ 4, 1799, ಶ್ರೀರಂಗಪಟ್ಟಣ ಬಿದ್ದ ದಿನ. ಆ ಯುದ್ಧ ಮಾಡಿಸಿದವನು ಇದೇ ವೆಲ್ಲೆಸ್ಲಿ. ಅಲ್ಲಿ ಒಂದು ಅರಮನೆ ಲೂಟಿಯಾದ ವರ್ಷವೇ ಇಲ್ಲಿ ಒಂದು ಅರಮನೆ ಎದ್ದಿತು.

ಅಲ್ಲಿಂದ ನಡೆದುಕೊಂಡೇ ಎಸ್‌ಪ್ಲನೇಡ್ ಕಡೆ ಹೊರಟೆ. ಬಸ್ಸು, ಹಳದಿ ಟ್ಯಾಕ್ಸಿ, ಚಪ್ಪಲಿ ಅಂಗಡಿ, ಜ್ಯೂಸ್ ಅಂಗಡಿ. ಧರ್ಮತಲಾ ಮೂಲೆಗೆ ಬಂದಾಗ ಎದುರಿಗೆ ಹಲವು ಗುಂಬಜ್‌ಗಳ ಮಸೀದಿ. ಬೋರ್ಡು ಓದಿದೆ. ಟಿಪ್ಪು ಸುಲ್ತಾನ್ ಮಸೀದಿ.

ನಿಜ ಹೇಳ್ತೀನಿ, ನಂಗೆ ಮೊದಲು ಅನ್ನಿಸಿದ್ದು ಯಾರೋ ಅಭಿಮಾನಿ ಹೆಸರಿಟ್ಟಿರಬೇಕು ಅಂತ, ನಮ್ಮಲ್ಲಿ ಸರ್ಕಲ್ಲುಗಳಿಗೆ ಇಡೋ ಹಾಗೆ. ಟಿಪ್ಪು ಎಲ್ಲಿ, ಕಲ್ಕತ್ತಾ ಎಲ್ಲಿ. ನಾನು ಬೆಳೆದದ್ದು ಮೈಸೂರಿನಲ್ಲಿ. ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಕನಿಷ್ಠ ನಾಲ್ಕು ಸಲ ಟ್ರಿಪ್ ಹೋಗಿದ್ದೀನಿ. ಪ್ರತಿಸಲ ಮೇಷ್ಟ್ರು ಟಿಪ್ಪುವಿನ ದೇಹ ಸಿಕ್ಕಿದ ಜಾಗ ತೋರಿಸುತ್ತಿದ್ದರು, ಗುಂಬಜ್ ತೋರಿಸುತ್ತಿದ್ದರು, ಆಮೇಲೆ ಸಂಗಮದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚುತ್ತಿದ್ದೆವು. ಕಥೆ ಅಲ್ಲಿಗೆ ಖಲಾಸ್. ಮಕ್ಕಳು ಮರಿ ಏನಾದರು ಅಂತ ನಾವು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಮಸೀದಿ ಹೊರಗೆ ಅತ್ತರು, ಟೋಪಿ ಮಾರುತ್ತಿದ್ದ ವಯಸ್ಸಾದವರೊಬ್ಬರು ಎಲ್ಲಿಂದ ಬಂದಿರಿ ಅಂದರು. ಮೈಸೂರು ಅಂದೆ.

"ಅರೆ, ಸುಲ್ತಾನರ ಊರು. ಅವರ ಮನೆ ಇನ್ನೂ ಇದೆಯಾ?"

"ಅರಮನೆಯ ಪಾಯ ಇದೆ ಸಾಹೇಬರೇ. ಬೇಸಿಗೆ ಅರಮನೆ ಒಂದು ಉಳಿದಿದೆ. ಗೋರಿ ಇದೆ."

"ಮತ್ತೆ ಮನೆಯವರು?"

ಈ ಪ್ರಶ್ನೆಗೆ ಉತ್ತರ ಅವರಿಗೇ ಗೊತ್ತಿತ್ತು. "ಎಲ್ಲ ಇಲ್ಲೇ" ಅಂದು ನೆಲ ತೋರಿಸಿದರು.

ಈ ಮಸೀದಿಯನ್ನು 1842ರಲ್ಲಿ ಕಟ್ಟಿಸಿದವನು ಪ್ರಿನ್ಸ್ ಗುಲಾಂ ಮೊಹಮ್ಮದ್, ಟಿಪ್ಪುವಿನ ಕಿರಿಯ ಮಕ್ಕಳಲ್ಲಿ ಒಬ್ಬ. ಅಪ್ಪನ ನೆನಪಿಗೆ ಕಟ್ಟಿಸಿದ ಅಂತ ಎಲ್ಲರೂ ಹೇಳ್ತಾರೆ. ಮಸೀದಿಯ ಶಾಸನ ಹೇಳೋದು ಸ್ವಲ್ಪ ಬೇರೆ. ಅದರ ಸಾರ ಇಷ್ಟು: ಲಾರ್ಡ್ ಆಕ್ಲೆಂಡ್ ಆಡಳಿತದಲ್ಲಿ, ದಿವಂಗತ ಟಿಪ್ಪು ಸುಲ್ತಾನನ ಮಗ ದೇವರಿಗೆ ಕೃತಜ್ಞತೆಯಿಂದ ಇದನ್ನು ಕಟ್ಟಿಸಿದ್ದಾನೆ, ಮತ್ತು ಕಂಪನಿಯ ಡೈರೆಕ್ಟರುಗಳು 1840ರಲ್ಲಿ ತನ್ನ ಪಿಂಚಣಿ ಬಾಕಿ ಮಂಜೂರು ಮಾಡಿದ್ದರ ನೆನಪಿಗಾಗಿ.

ನಾನು ಇದನ್ನು ಎರಡು ಸಲ ಓದಿದೆ. ಅಪ್ಪನನ್ನು ಕೊಂದ ಕಂಪನಿ, ಮಗನಿಗೆ ಕೊಡಬೇಕಾದ ಅರಿಯರ್ಸ್ ಕೊಟ್ಟಿತು ಅಂತ ಮಗ ಮಸೀದಿ ಕಟ್ಟಿಸಿ ಕಲ್ಲಿನಲ್ಲಿ ಬರೆಸಿದ್ದಾನೆ. ಹೇಡಿತನ ಅಂತ ಬಯ್ಯೋದು ಸುಲಭ. ಸ್ವಲ್ಪ ತಡೆಯಿರಿ. ಈ ಮನುಷ್ಯನ ಬಾಲ್ಯ ಹೇಗಿತ್ತು ಅಂತ ಹೇಳ್ತೀನಿ.

ಗುಲಾಂ ಮೊಹಮ್ಮದ್ ಹುಟ್ಟಿದ್ದು 1795ರಲ್ಲಿ. ಕೋಟೆ ಬಿದ್ದಾಗ ನಾಲ್ಕು ವರ್ಷದ ಮಗು. ಅವನ ಅಣ್ಣಂದಿರ ಕಥೆ ಇನ್ನೂ ಮುಂಚೆಯೇ ಕೆಟ್ಟಿತ್ತು. 1792ರ ಒಪ್ಪಂದದಲ್ಲಿ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಅನ್ನೋ ಇಬ್ಬರನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಹಿಡಿದಿದ್ದ, ವಾಪಸ್ ಕಳಿಸಿದ್ದು 1794ರಲ್ಲಿ. ಎರಡು ಪುಟ್ಟ ಹುಡುಗರು ಪೇಟ ಸುತ್ತಿಕೊಂಡು ಕಾರ್ನ್‌ವಾಲಿಸನ ಕೈ ಹಿಡಿದು ನಿಂತ ಚಿತ್ರ ನೀವೂ ನೋಡಿರ್ತೀರಿ. ಆ ಕಾಲದ ಚಿತ್ರಕಾರರಿಗೆ ಅದು ತುಂಬ ಇಷ್ಟದ ಸಬ್ಜೆಕ್ಟ್.

1799ರ ನಂತರ ಇಡೀ ಕುಟುಂಬವನ್ನು ವೆಲ್ಲೂರು ಕೋಟೆಯಲ್ಲಿ ಇಟ್ಟರು. ಅಲ್ಲಿ 1806ರ ಜುಲೈ 10ರ ನಸುಕಿನಲ್ಲಿ ದಂಗೆ ಆಯಿತು. ಮದ್ರಾಸ್ ಸೇನೆಯಲ್ಲಿ ಹೊಸ ರೂಲ್ಸ್ ಬಂದಿತ್ತು: ಹೊಸ ಮಾದರಿಯ ಪೇಟ, ಹಣೆಗೆ ನಾಮ ವಿಭೂತಿ ಇಡಬಾರದು, ಗಡ್ಡ ಬಿಡಬಾರದು. ಸಿಪಾಯಿಗಳು ಎದ್ದು ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರನ್ನು ಕೊಂದರು, ಕೋಟೆಯ ಮೇಲೆ ಮೈಸೂರಿನ ಹುಲಿಪಟ್ಟೆಯ ಬಾವುಟ ಹಾರಿಸಿದರು. ಅದೇ ದಿನ ಆರ್ಕಾಟಿನಿಂದ ಕುದುರೆ ಸೈನ್ಯ ಬಂದು ಎಲ್ಲ ಮುಗಿಸಿತು, ಸತ್ತ ಸಿಪಾಯಿಗಳು ನೂರಾರು. 1857ಕ್ಕಿಂತ ಅರ್ಧ ಶತಮಾನ ಮುಂಚಿನ ಮಾತು ಇದು. ಪಠ್ಯಪುಸ್ತಕದಲ್ಲಿ ಒಂದು ಸಾಲೂ ಸಿಗೋದು ಕಷ್ಟ.

ರಾಜಕುಮಾರರಲ್ಲಿ ಯಾರಿಗೆ ಎಷ್ಟು ಕೈವಾಡ ಇತ್ತು ಅನ್ನೋದು ಬೇರೆ ಚರ್ಚೆ. ಕಂಪನಿಯಂತೂ ರಿಸ್ಕ್ ತಗೊಳ್ಳಲಿಲ್ಲ. ಮೈಸೂರಿನಿಂದ ಸಾಧ್ಯವಾದಷ್ಟು ದೂರ ಅಂತ ಇಡೀ ಪರಿವಾರವನ್ನು ಕಲ್ಕತ್ತೆಗೆ ಸಾಗಿಸಿದರು. ಗುಲಾಂ ಮೊಹಮ್ಮದನಿಗೆ ಆಗ ಹನ್ನೊಂದೋ ಹನ್ನೆರಡೋ. ಆ ಹುಡುಗನಿಗೆ ನೆನಪಿರಬಹುದಾದ ಜೀವನ ಪೂರ್ತಿ ಕೋಟೆ, ಕಾವಲು, ಪಿಂಚಣಿ. ಬೇರೆ ಗೊತ್ತೇ ಇರಲಿಲ್ಲ.

ಈಗ ಇನ್ನೊಂದು ಮಗುವಿನ ಕಥೆ. 1799ರ ಜೂನ್ 30ರಂದು ಕಂಪನಿಯವರು ಮೈಸೂರಿನ ಗಾದಿಯ ಮೇಲೆ ಒಬ್ಬ ಹುಡುಗನನ್ನು ಕೂರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು, ಹುಟ್ಟಿದ್ದು 1794ರ ಜುಲೈ, ಅಂದರೆ ಇನ್ನೂ ಐದು ತುಂಬಿರಲಿಲ್ಲ. ಟಿಪ್ಪುವಿನ ಮಗನಿಗಿಂತ ಒಂದು ವರ್ಷವೂ ದೊಡ್ಡವರಲ್ಲ. ಒಂದೇ ಬೇಸಿಗೆಯಲ್ಲಿ, ಒಂದೇ ನದಿಯ ದಂಡೆಯಲ್ಲಿ, ಎರಡು ಮಕ್ಕಳ ಹಣೆಬರಹವನ್ನು ಒಂದೇ ಕಂಪನಿ ಬರೆಯಿತು. ಒಬ್ಬನಿಗೆ ಸಿಂಹಾಸನ, ಒಬ್ಬನಿಗೆ ವೆಲ್ಲೂರು.

ಮಸೀದಿಯಿಂದ ರಸ್ತೆಗಿಳಿದಾಗ ಅದೇ ಮೂಲೆಯಿಂದ ಉತ್ತರಕ್ಕೆ ಹೋಗುವ ರಸ್ತೆಯ ಹೆಸರು ನೋಡಿದೆ. ಬೆಂಟಿಂಕ್ ಸ್ಟ್ರೀಟ್. ಬೆಂಟಿಂಕ್ ಅಂದರೆ ನಮಗೆ ಸತಿ ನಿಷೇಧ, 1829, ಒಂದು ಮಾರ್ಕಿನ ಪ್ರಶ್ನೆ. ಆದರೆ ವೆಲ್ಲೂರು ದಂಗೆಯ ಸಮಯದಲ್ಲಿ ಮದ್ರಾಸಿನ ಗವರ್ನರ್ ಆಗಿದ್ದವನು ಇವನೇ. ಅದೇ ಕಾರಣಕ್ಕೆ 1807ರಲ್ಲಿ ವಾಪಸ್ ಕರೆಸಿಕೊಂಡರು, ಇಂದಿನ ಭಾಷೆಯಲ್ಲಿ ಹೇಳಬೇಕಂದರೆ ಕೆಲಸದಿಂದ ತೆಗೆದರು. ಇಪ್ಪತ್ತೊಂದು ವರ್ಷ ಬಿಟ್ಟು 1828ರಲ್ಲಿ ಪ್ರಮೋಷನ್ ಮೇಲೆ ಬಂದ, ಗವರ್ನರ್ ಜನರಲ್ ಆಗಿ. ಮತ್ತೆ 1831ರಲ್ಲಿ, ನಗರದ ರೈತರ ದಂಗೆಯನ್ನು ನೆಪ ಮಾಡಿಕೊಂಡು, ಮೈಸೂರಿನ ಆಡಳಿತವನ್ನು ಮುಮ್ಮಡಿಯವರ ಕೈಯಿಂದ ಕಿತ್ತುಕೊಂಡವನೂ ಇವನೇ.

ಅಲ್ಲಿಂದ ಮುಂದೆ ಮುಮ್ಮಡಿಯವರು ಏನು ಮಾಡಿದರು? ಅರ್ಜಿ ಬರೆದರು. ಕಲ್ಕತ್ತೆಗೆ ಬರೆದರು, ಲಂಡನ್ನಿಗೆ ಬರೆಸಿದರು. ರಾಜ್ಯ ವಾಪಸ್ ಕೊಡಿ ಅಂತ, ದತ್ತು ಮಗನನ್ನು ಒಪ್ಪಿಕೊಳ್ಳಿ ಅಂತ. 1868ರಲ್ಲಿ ತೀರಿಕೊಳ್ಳೋವರೆಗೂ, ಮೂವತ್ತಾರು ಮೂವತ್ತೇಳು ವರ್ಷ. ಅದೇ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ಟಿಪ್ಪುವಿನ ಮಗನೂ ಪಿಂಚಣಿಗೋಸ್ಕರ ಅರ್ಜಿ ಹಾಕಿಕೊಂಡು, ಲಂಡನ್ನಿಗೂ ಹೋಗಿಬಂದು, 1872ರಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಇಬ್ಬರಿಗೂ ಸ್ಟಾರ್ ಆಫ್ ಇಂಡಿಯಾ ಬಿರುದು ಸಿಕ್ಕಿತು. ಗೆದ್ದವನ ಮಗು, ಸೋತವನ ಮಗು ಅಂತ ನಾವು ವಿಂಗಡಿಸಿದವರು ಒಂದೇ ಕ್ಯೂನಲ್ಲಿ ನಿಂತಿದ್ದರು.

ಮುಮ್ಮಡಿಯವರಿಗೆ ಸಾಹಿತ್ಯದ, ಆಟಗಳ ಹುಚ್ಚು ಇತ್ತು ಅಂತ ನಮಗೆ ಗೊತ್ತು. ಗುಲಾಂ ಮೊಹಮ್ಮದನಿಗೂ ಒಂದು ಪುಸ್ತಕದ ಹುಚ್ಚು ಇತ್ತು. ಹೈದರಾಲಿ ಬಗ್ಗೆ ಫ್ರೆಂಚ್ ಸೈನ್ಯಾಧಿಕಾರಿಯೊಬ್ಬ ಬರೆದ ಹಳೆಯ ಪುಸ್ತಕವನ್ನು ತಾನೇ ತಿದ್ದಿ, 1855ರಲ್ಲಿ ಇಂಗ್ಲಿಷಿನಲ್ಲಿ ಮತ್ತೆ ಪ್ರಕಟಿಸಿದ. ಅಜ್ಜನ ಬಗ್ಗೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುತ್ತಾ ಟಾಲಿಗಂಜಿನ ಮನೆಯಲ್ಲಿ ಕೂತ ಅರವತ್ತರ ಮನುಷ್ಯನನ್ನು ಊಹಿಸಿಕೊಂಡರೆ, ಆ ಶಾಸನದ ಮೇಲೆ ನಂಗೆ ಬಂದಿದ್ದ ಸಿಟ್ಟು ಇಳಿದುಹೋಗುತ್ತೆ.

ಇಷ್ಟೊತ್ತಿಗೆ ಹೊಟ್ಟೆ ಚುರುಗುಡುತ್ತಿತ್ತು. ಹತ್ತನೇ ಐಟಂ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು. ಕೋಲ್ಕತಾ ಬಿರಿಯಾನಿಯಲ್ಲಿ ಇಡೀ ಆಲೂಗಡ್ಡೆ ಇರುತ್ತೆ. ಅದೂ ಇನ್ನೊಬ್ಬ ಪಿಂಚಣಿದಾರನ ಕಾಣಿಕೆ ಅಂತಾರೆ. ಅವಧ್‌ನ ನವಾಬ ವಾಜಿದ್ ಅಲಿ ಶಾ 1856ರಲ್ಲಿ ರಾಜ್ಯ ಕಳಕೊಂಡು ಇಲ್ಲಿಗೆ ಬಂದ. ಲಂಡನ್ನಿಗೆ ಹೋಗಿ ರಾಣಿ ಹತ್ತಿರ ದೂರು ಕೊಡೋದು ಅವನ ಪ್ಲಾನ್. ಆರೋಗ್ಯ ಕೆಟ್ಟು ತಾನು ಉಳಿದ, ಅವನ ತಾಯಿ ಹೊರಟಳು. ಕೆಲಸ ಆಗಲಿಲ್ಲ, ವಾಪಸ್ ಬರೋ ದಾರಿಯಲ್ಲಿ 1858ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡಳು. ಅವಳ ಗೋರಿ ಈಗಲೂ ಅಲ್ಲೇ ಇದೆ. ನವಾಬ ಹೂಗ್ಲಿ ದಂಡೆಯ ಮಟಿಯಾಬುರ್ಜಿನಲ್ಲಿ ಪುಟ್ಟ ಲಖನೌ ಒಂದನ್ನು ಕಟ್ಟಿಕೊಂಡು, ಸಂಗೀತ, ಗಾಳಿಪಟ, ಪ್ರಾಣಿ ಸಂಗ್ರಹಾಲಯ ಅಂತ 1887ರವರೆಗೆ ಬದುಕಿದ. ಮಾಂಸಕ್ಕೆ ದುಡ್ಡು ಸಾಲದೆ ಆಲೂಗಡ್ಡೆ ಹಾಕಿಸಿದ ಅನ್ನೋ ಕಥೆ ನಂಗೆ ನಂಬಿಕೆ ಇಲ್ಲ. ವರ್ಷಕ್ಕೆ 12 ಲಕ್ಷ ಪಿಂಚಣಿ ಇದ್ದವನಿಗೆ ಕುರಿ ಕೊಳ್ಳೋಕೆ ಆಗ್ತಿರಲಿಲ್ವಾ? ಆಗ ಆಲೂಗಡ್ಡೆಯೇ ಹೊಸ ಪದಾರ್ಥ, ರುಚಿಗೇ ಹಾಕಿರಬೇಕು. ಏನೇ ಆಗಲಿ, ಆ ಆಲೂಗಡ್ಡೆ ಚೆನ್ನಾಗಿತ್ತು.

ಗಾಲಿಬ್ ಕೂಡ ಇಲ್ಲಿಗೆ ಬಂದದ್ದು ಪಿಂಚಣಿಗೇ. 1828ರಲ್ಲಿ ದೆಹಲಿಯಿಂದ ಇಷ್ಟು ದೂರ ಬಂದು, ಚಿಕ್ಕಪ್ಪನ ಜಹಗೀರಿನ ಬಾಬ್ತು ತನಗೆ ಸಿಗುತ್ತಿದ್ದ ತಿಂಗಳಿಗೆ ಅರವತ್ತೆರಡೂವರೆ ರೂಪಾಯಿ ಅನ್ಯಾಯದ್ದು ಅಂತ ವಾದಿಸಿದ. ಕೇಸು ಗೆಲ್ಲಲಿಲ್ಲ. ಮೊಘಲ್ ಬಾದಶಹನ ಪಿಂಚಣಿಯ ವಕಾಲತ್ತು ಹೊತ್ತು 1830ರಲ್ಲಿ ಈ ಊರಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿದವರು ರಾಮಮೋಹನ ರಾಯ್. ಅವರ ಹೆಸರಿನ ಹಿಂದಿನ 'ರಾಜಾ' ಆ ಬಾದಶಹ ಕೊಟ್ಟದ್ದೇ. ಪ್ರವಾಸಿ ಲಿಸ್ಟುಗಳಲ್ಲಿ ಇದನ್ನು ಅರಮನೆಗಳ ನಗರ ಅಂತ ಬರೀತಾರೆ. ದೇಶದ ಮೂಲೆಮೂಲೆಯ ಅರಮನೆಗಳಲ್ಲಿ ಸೋತವರೆಲ್ಲ ಫೈಲು ಹಿಡಿದು ಬಂದ ನಗರ ಅಂತಲೂ ಬರೆಯಬಹುದಿತ್ತು.

ಸಂಜೆ ಪ್ರಿನ್ಸೆಪ್ ಘಾಟ್. ಬಿಳಿ ಕಂಬಗಳ ಮಂಟಪ, ಹಿಂದೆ ವಿದ್ಯಾಸಾಗರ ಸೇತು, ಬಾಡಿಗೆ ದೋಣಿಗಳು, ಎಲ್ಲರ ಕೈಲೂ ಫೋನು. ಜೇಮ್ಸ್ ಪ್ರಿನ್ಸೆಪ್ ಇಲ್ಲಿನ ಟಂಕಸಾಲೆಯ ಅಧಿಕಾರಿ, ನಾಣ್ಯ ನೋಡುತ್ತಾ ನೋಡುತ್ತಾ 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿಬಿಟ್ಟ. ಶಾಸನಗಳಲ್ಲೆಲ್ಲ ಇದ್ದದ್ದು 'ಪ್ರಿಯದರ್ಶಿ' ಅನ್ನೋ ಹೆಸರು. ಆ ಪ್ರಿಯದರ್ಶಿಯೇ ಅಶೋಕ ಅಂತ ಶಾಸನದಲ್ಲೇ ಹೆಸರು ಸಮೇತ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರಿನ ಮಸ್ಕಿಯಲ್ಲಿ. ಪ್ರಿನ್ಸೆಪ್ ಅಷ್ಟು ದಿನ ಇರಲಿಲ್ಲ, 1840ರಲ್ಲಿ ನಲವತ್ತಕ್ಕೇ ಹೋಗಿಬಿಟ್ಟ. ಅವನು ಹುಟ್ಟಿದ ವರ್ಷ ಎಷ್ಟು ಅಂದುಕೊಂಡಿರಿ? 1799. ಆ ವರ್ಷ ನನ್ನನ್ನು ಬಿಡುವ ಹಾಗೆ ಕಾಣಲಿಲ್ಲ.

ಭಾನುವಾರ ಲಿಸ್ಟನ್ನು ಪೂರ್ತಿ ಕೈಬಿಟ್ಟೆ. ಬೆಳಗ್ಗೆ ಎದ್ದವನೇ ದಕ್ಷಿಣಕ್ಕೆ ಹೋದೆ.

ಟಾಲಿಗಂಜ್ ಈಗ ಸಿನಿಮಾದವರ ಏರಿಯಾ, ಅದರಿಂದಲೇ ಟಾಲಿವುಡ್ ಅನ್ನೋ ಹೆಸರು (ತೆಲುಗಿನವರು ಕ್ಷಮಿಸಬೇಕು). ಇಲ್ಲಿ ಪ್ರಿನ್ಸ್ ಅನ್ವರ್ ಶಾ ರಸ್ತೆ ಅಂತ ಒಂದಿದೆ. ಸೌತ್ ಸಿಟಿ ಮಾಲ್ ಇರೋದು ಅದೇ ರಸ್ತೆಯಲ್ಲಿ. ಸಾವಿರಾರು ಐಟಿ ಹುಡುಗರು ದಿನಾ ಕ್ಯಾಬ್ ಆಪಿನಲ್ಲಿ ಈ ಹೆಸರು ಟೈಪ್ ಮಾಡ್ತಾರೆ. ಅನ್ವರ್ ಶಾ ಟಿಪ್ಪುವಿನ ವಂಶದವನು. ಪ್ರಿನ್ಸ್ ಗುಲಾಂ ಮೊಹಮ್ಮದ್ ಶಾ ರಸ್ತೆ ಅಂತಲೂ ಇದೆ. ಗುಲಾಂ ಮೊಹಮ್ಮದ್ ಕಟ್ಟಿಸಿದ ಇನ್ನೊಂದು ಮಸೀದಿ ಇದೆ, ಧರ್ಮತಲಾದ್ದಕ್ಕೆ ಅಕ್ಕತಂಗಿಯ ಹಾಗೆ, ಆದರೆ ಇಲ್ಲಿ ಫೋಟೊ ತೆಗೆಯೋಕೆ ಯಾರೂ ನಿಂತಿರಲಿಲ್ಲ. ನಮ್ಮ ಟೀಮಿನ ಹುಡುಗ ಕಾಲೇಜು ಓದಿದ್ದು ಇಲ್ಲಿಂದ ಎರಡು ಕಿಲೋಮೀಟರಿನಲ್ಲಿ. ಫೋನ್ ಮಾಡಿ ಕೇಳಿದೆ, "ಅನ್ವರ್ ಶಾ ಯಾರು ಗೊತ್ತಾ?" "ಯಾವನೋ ಪ್ರಿನ್ಸ್" ಅಂದ. ಬಯ್ಯೋಕೆ ಹೋಗಲಿಲ್ಲ. ಬೆಂಗಳೂರಿನ ಕನ್ನಿಂಗ್‌ಹ್ಯಾಮ್ ಯಾರು ಅಂತ ಅವನು ತಿರುಗಿ ಕೇಳಿದ್ದರೆ ನನ್ನ ಗತಿ?

ಟಾಲಿಗಂಜಿನ ಟಾಲಿ ಕೂಡ ಒಬ್ಬ ಮನುಷ್ಯ. ವಿಲಿಯಂ ಟಾಲಿ, 1770ರ ದಶಕದಲ್ಲಿ ಇಲ್ಲಿನ ಒಂದು ಹೂಳು ತುಂಬಿದ ನೀರಿನ ಪಾತ್ರವನ್ನು ತೋಡಿಸಿ ದೋಣಿ ಓಡುವ ಕಾಲುವೆ ಮಾಡಿದ. ಟಾಲಿ ನಾಲಾ. ಈಗ ನೋಡಿದರೆ ನಮ್ಮ ವೃಷಭಾವತಿ ನೆನಪಾಗುತ್ತೆ, ಅದೇ ಬಣ್ಣ, ಅದೇ ವಾಸನೆ, ಮೇಲೆ ಮೆಟ್ರೊ ಕಂಬಗಳು. ಆದರೆ ಇದರ ಹಳೆಯ ಹೆಸರು ಆದಿಗಂಗಾ. ಹಿಂದೆ ಹೂಗ್ಲಿಯ ಮುಖ್ಯ ಪ್ರವಾಹ ಹರಿಯುತ್ತಿದ್ದದ್ದು ಈ ದಾರಿಯಲ್ಲಿ. ನದಿ ದಿಕ್ಕು ಬದಲಿಸಿತು, ಪಾತ್ರ ಉಳಿಯಿತು. ಕಾಳಿಘಾಟ್ ದೇವಸ್ಥಾನ ದೊಡ್ಡ ಹೊಳೆಯ ದಂಡೆ ಬಿಟ್ಟು ಈ ಚರಂಡಿಯ ಪಕ್ಕ ಯಾಕಿದೆ ಅನ್ನೋದಕ್ಕೆ ಉತ್ತರ ಇದೇ. ಭಕ್ತರಿಗೆ ಇದೇ ನಿಜವಾದ ಗಂಗೆ. ಇಲ್ಲೇ ಸ್ನಾನ, ಇಲ್ಲೇ ಸಂಸ್ಕಾರ.

ಕಾಳಿಘಾಟಿನಲ್ಲಿ ದರ್ಶನಕ್ಕೆ ಉದ್ದ ಕ್ಯೂ. ಪಾಂಡಾಗಳ ಕೈಗೆ ಸಿಗದೆ ತಪ್ಪಿಸಿಕೊಂಡು ಸತೀಶ್ ಮುಖರ್ಜಿ ರಸ್ತೆ ಹುಡುಕಿದೆ. ಟಿಪ್ಪು ಕುಟುಂಬದ ಖಬರಸ್ತಾನ ಇರೋದು ಅಲ್ಲಿ. ಗೇಟು ಮುಚ್ಚಿತ್ತು. ಸಂದಿಯಲ್ಲಿ ಇಣುಕಿದರೆ ಕಂಡದ್ದು ಹುಲ್ಲು, ಮರ, ಬಣ್ಣ ಮಾಸಿದ ಗೋರಿಗಳು. ಎದುರು ಮನೆಯ ಬಾಲ್ಕನಿಯಲ್ಲಿ ಬೆಡ್‌ಶೀಟ್ ಒಣಹಾಕಿದ್ದರು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಟಿಪ್ಪು ಅಪ್ಪ ಅಮ್ಮನ ಪಕ್ಕದಲ್ಲಿ ಮಲಗಿದ್ದಾನೆ, ಟಿಕೆಟ್, ಗೈಡು, ತೋಟ ಎಲ್ಲ ಇದೆ. ಮಕ್ಕಳು ಮೊಮ್ಮಕ್ಕಳು ಎರಡು ಸಾವಿರ ಕಿಲೋಮೀಟರ್ ಆಚೆ ಈ ಗಲ್ಲಿಯಲ್ಲಿ. ಮೇಷ್ಟ್ರಿಗೆ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಅಲ್ಲಿಂದ ಕೇವಡಾತಲಾ ಸ್ಮಶಾನಕ್ಕೆ ನಡೆದೇ ಹೋದೆ. ಕೋಲ್ಕತಾದ ಹೆಸರುವಾಸಿ ಸ್ಮಶಾನ ಇದು, ಚಿತ್ತರಂಜನ್ ದಾಸ್ ಅವರ ಸಮಾಧಿ ಮಂದಿರ ಇಲ್ಲಿದೆ. ಅದರ ಪಕ್ಕದಲ್ಲಿ, ಆದಿಗಂಗೆಯ ದಂಡೆಯಲ್ಲಿ, ಬಂಗಾಳದ ಯಾವ ಕಟ್ಟಡಕ್ಕೂ ಹೋಲದ ಒಂದು ಗೋಪುರ ಇದೆ. ನೋಡಿದ ಕೂಡಲೇ ನಮ್ಮ ಕಡೆಯದು ಅಂತ ಗೊತ್ತಾಗುತ್ತೆ. ಊರವರು ಅದನ್ನು ಮೈಸೂರು ಹೆಸರಿನಿಂದಲೇ ಕರೆಯುತ್ತಾರೆ.

ಇದು ಚಾಮರಾಜೇಂದ್ರ ಒಡೆಯರ ನೆನಪು. ಮುಮ್ಮಡಿಯವರು ಯಾರಿಗೋಸ್ಕರ ಅಷ್ಟು ಅರ್ಜಿ ಬರೆದರೋ ಆ ದತ್ತು ಮಗ. ಅರ್ಜಿ ಕೊನೆಗೂ ಫಲ ಕೊಟ್ಟು, 1881ರ ಮಾರ್ಚ್ 25ರಂದು ಐವತ್ತು ವರ್ಷದ ನಂತರ ಮೈಸೂರು ಒಡೆಯರ ಕೈಗೆ ವಾಪಸ್ ಬಂತು. ಆಗ ಇವರಿಗೆ ಹದಿನೆಂಟು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು, ರಂಗಾಚಾರ್ಲು, ಆಮೇಲೆ ಶೇಷಾದ್ರಿ ಅಯ್ಯರ್ ದಿವಾನರಾದರು. ವಿವೇಕಾನಂದರು ಮೈಸೂರಿಗೆ ಬಂದಾಗ ಅವರನ್ನು ಆದರಿಸಿದ ಮಹಾರಾಜರು ಇವರೇ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದಿದ್ದರು. ಗಂಟಲಮಾರಿ, ಅಂದರೆ ಡಿಫ್ತೀರಿಯಾ ತಗುಲಿತು. ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು ಮೂವತ್ತೊಂದು. ನನಗಿಂತ ಎರಡು ವರ್ಷ ಚಿಕ್ಕವರು, ಇದನ್ನು ಬರೆಯುವಾಗ ಲೆಕ್ಕ ಹಾಕಿದೆ. ಮಗನಿಗೆ, ಮುಂದೆ ನಾಲ್ವಡಿ ಅಂತ ನಾವೆಲ್ಲ ಕೈಮುಗಿಯುವವರಿಗೆ, ಆಗ ಹತ್ತು ವರ್ಷ. ರಾಣಿ ವಾಣಿವಿಲಾಸ ಸನ್ನಿಧಾನ 1902ರವರೆಗೆ ರಾಜ್ಯ ನೋಡಿಕೊಂಡರು. ಮೈಸೂರಿನ ವಾಣಿವಿಲಾಸ ರಸ್ತೆಯಲ್ಲಿ ಓಡಾಡುವಾಗ ಆ ಹೆಸರಿನ ಹಿಂದೆ ಕಲ್ಕತ್ತೆಯ ಒಂದು ಡಿಸೆಂಬರ್ ಇದೆ ಅಂತ ನಂಗೆ ಯಾವತ್ತೂ ಹೊಳೆದಿರಲಿಲ್ಲ.

ಗೋಪುರದ ಹತ್ತಿರ ಒಂದು ಕಟ್ಟೆ ಮೇಲೆ ಕೂತೆ. ಪಕ್ಕದಲ್ಲಿ ಯಾರದೋ ಮನೆಯವರು ಬೂದಿಗಾಗಿ ಕಾಯುತ್ತಿದ್ದರು, ಒಬ್ಬ ಹುಡುಗ ಮಣ್ಣಿನ ಕಪ್ಪಿನಲ್ಲಿ ಟೀ ತಂದುಕೊಟ್ಟ. ನಮ್ಮ ಮನೆ ವಾಟ್ಸಾಪ್ ಗ್ರೂಪ್ ಬಗ್ಗೆ ನಿಮಗೆ ಹೇಳಬೇಕು. ಪ್ರತಿ ವರ್ಷ ನವೆಂಬರ್ ಬಂದರೆ ಅಲ್ಲಿ ಟಿಪ್ಪು ಯುದ್ಧ ಶುರು. ಚಿಕ್ಕಪ್ಪ ಒಂದು ಕಡೆ, ಅತ್ತೆ ಮಗ ಇನ್ನೊಂದು ಕಡೆ. ಮಧ್ಯೆ ದೊಡ್ಡಪ್ಪ ಮಹಾರಾಜರ ಫೋಟೊ ಹಾಕಿ "ನಮ್ಮ ಧಣಿಗಳು" ಅಂತ ಬರೆದು ಸುಮ್ಮನಾಗ್ತಾರೆ. ಎರಡು ಸಲ ಜನ ಗ್ರೂಪ್ ಬಿಟ್ಟುಹೋಗಿ, ಅಮ್ಮ ಫೋನ್ ಮಾಡಿ ಮತ್ತೆ ಸೇರಿಸಿದ್ದಾರೆ. ಅಂಥ ಗ್ರೂಪಿಗೆ ಆ ಕಟ್ಟೆ ಮೇಲಿಂದಲೇ ಎರಡು ಫೋಟೊ ಕಳಿಸಿದೆ, ಗೋರಿಗಳದ್ದೊಂದು, ಗೋಪುರದ್ದೊಂದು. ಕೆಳಗೆ ಯಾರದ್ದು ಯಾವುದು ಅಂತ ಬರೆದೆ.

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಬಿದ್ದಿತ್ತು. ಟೀ ಮುಗಿಯೋ ಹೊತ್ತಿಗೆ ಚಿಕ್ಕಪ್ಪ "ಅಲ್ಲಿ ಊಟಕ್ಕೆ ಏನು ಮಾಡ್ತಿದ್ದೀಯೋ" ಅಂತ ಕೇಳಿದರು. ಆಮೇಲೆ ದೊಡ್ಡಪ್ಪನ ಮೆಸೇಜ್ ಬಂತು.

"ಎರಡಕ್ಕೂ ಎಷ್ಟು ದೂರ ಮಗ?"

"ನಡೆದರೆ ಕಾಲು ಗಂಟೆ ದೊಡ್ಡಪ್ಪ" ಅಂತ ಟೈಪ್ ಮಾಡಿ, ಏರ್‌ಪೋರ್ಟಿಗೆ ಟ್ಯಾಕ್ಸಿ ಹುಡುಕೋಕೆ ಎದ್ದೆ.